ಕಣ್ಣಿಲ್ಲದವರು ಅಳೆದ ಸಂಖ್ಯೆ

ಕಂಪ್ಯೂಟರ್ ಲ್ಯಾಬ್‌ನಲ್ಲಿ 2147483647ಕ್ಕೆ ಒಂದು ಕೂಡಿಸಿದೆ. ಪರದೆಯ ಮೇಲೆ ಬಂದದ್ದು ಮೈನಸ್ 2147483648! ಪ್ರೋಗ್ರಾಂ ತಪ್ಪಿದೆ ಎಂದುಕೊಂಡೆ. ಸರ್ ನಕ್ಕು, 32 ಬಿಟ್‌ನ ಪೂರ್ಣಾಂಕಕ್ಕೆ ಅದೇ ಕೊನೆಯ ಮೆಟ್ಟಿಲು ಎಂದರು. ಅದು 2ರ 31ನೇ ಘಾತದಲ್ಲಿ ಒಂದು ಕಡಿಮೆ. ಈ ಸಂಖ್ಯೆಯ ಬೆನ್ನು ಹತ್ತಿದಾಗ ಸಿಕ್ಕಿದವರು ಲಿಯೊನ್ಹಾರ್ಡ್ ಆಯ್ಲರ್.

ಅವರು ಹುಟ್ಟಿದ್ದು 1707ರಲ್ಲಿ, ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ. ತಂದೆ ಪಾದ್ರಿ. ಮಗನೂ ಪಾದ್ರಿಯಾಗಲಿ ಎಂಬುದು ಅವರ ಆಸೆ. ಆದರೆ ಯೋಹಾನ್ ಬರ್ನೌಲಿ ಎಂಬ ದೊಡ್ಡ ಗಣಿತಜ್ಞರು ಶನಿವಾರದ ಮಧ್ಯಾಹ್ನಗಳಲ್ಲಿ ಹುಡುಗನ ಸಂಶಯ ಬಿಡಿಸುತ್ತಿದ್ದರು, ಅವನ ದಾರಿ ಅಲ್ಲಿಯೇ ತಿರುಗಿತು. 1727ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗ್, 1741ರಲ್ಲಿ ಬರ್ಲಿನ್, 1766ರಲ್ಲಿ ಮತ್ತೆ ಪೀಟರ್ಸ್‌ಬರ್ಗ್.

ಯೌವನದಲ್ಲೇ ಬಲಗಣ್ಣು ಹೋಗಿತ್ತು. ರಷ್ಯಕ್ಕೆ ಮರಳಿದ ಮೇಲೆ ಎಡಗಣ್ಣಿಗೂ ಪೊರೆ ಬಂತು. 1771ರಲ್ಲಿ ಶಸ್ತ್ರಚಿಕಿತ್ಸೆಯಾದರೂ ದೃಷ್ಟಿ ಉಳಿಯಲಿಲ್ಲ. ಅದೇ ವರ್ಷ ಮನೆಗೆ ಬೆಂಕಿ ಬಿತ್ತು, ಊರಿನವನೊಬ್ಬ ಅವರನ್ನು ಹೊತ್ತು ಹೊರತಂದ. ಎರಡು ವರ್ಷಕ್ಕೆ ಪತ್ನಿಯೂ ತೀರಿಕೊಂಡರು. ಆದರೂ ಅವರ ಬರಹಗಳಲ್ಲಿ ಸರಿಸುಮಾರು ಅರ್ಧ ಈ ಕೊನೆಯ ಕಾಲದವು. ಅವರು ಹೇಳುತ್ತಿದ್ದರು, ಮಗ ಮತ್ತು ಶಿಷ್ಯರು ಬರೆದುಕೊಳ್ಳುತ್ತಿದ್ದರು. ನನಗೆ ಇದು ಕಟ್ಟುಕಥೆ ಅನ್ನಿಸಲಿಲ್ಲ. ಕಣ್ಣು ಮಂಜಾದ ನಮ್ಮ ದಾದಿ ತಿಂಗಳ ಕಿರಾಣಿ ಲೆಕ್ಕವನ್ನು ಬಾಯಲ್ಲೇ ಒಪ್ಪಿಸುತ್ತಾರೆ, ನಾನು ಕ್ಯಾಲ್ಕುಲೇಟರ್ ಹಿಡಿದು ಸೋಲುತ್ತೇನೆ.

ನಮ್ಮ ಸಂಖ್ಯೆ ಅವಿಭಾಜ್ಯ ಎಂದು ಫ್ರಾನ್ಸಿನ ಮರ್ಸೆನ್ 1644ರಲ್ಲೇ ಪಟ್ಟಿ ಮಾಡಿದ್ದರು, ಸಾಧಿಸಿರಲಿಲ್ಲ. ಸುಮ್ಮನೆ ಪರೀಕ್ಷಿಸುವುದಾದರೆ ಅದರ ವರ್ಗಮೂಲದವರೆಗೆ, ಅಂದರೆ 46340ರವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಬೇಕು. ಅಂಥವು ನಾಲ್ಕು ಸಾವಿರಕ್ಕೂ ಹೆಚ್ಚು. ಆಯ್ಲರ್ ಭಾಗಿಸುವ ಮೊದಲು ಯೋಚಿಸಿದರು. ಇದಕ್ಕೆ ಅವಿಭಾಜ್ಯ ಭಾಜಕವೊಂದು ಇದ್ದರೆ, ಅದನ್ನು 62ರಿಂದ ಭಾಗಿಸಿದಾಗ ಶೇಷ 1 ಬರಲೇಬೇಕು, 8ರಿಂದ ಭಾಗಿಸಿದಾಗ 1 ಅಥವಾ 7. ಎರಡನ್ನೂ ಸೇರಿಸಿದರೆ, 248ರಿಂದ ಭಾಗಿಸಿದಾಗ ಶೇಷ 1 ಅಥವಾ 63. ಅಷ್ಟರಲ್ಲೇ ನೋಡಬೇಕಾದ ಸಂಖ್ಯೆಗಳು 370ರ ಆಸುಪಾಸಿಗೆ ಇಳಿದವು, ಅವುಗಳಲ್ಲೂ ಬಹುಪಾಲು ಅವಿಭಾಜ್ಯಗಳಲ್ಲ. ಒಂದೂ ಭಾಗಿಸಲಿಲ್ಲ. 1772ರಲ್ಲಿ ಬರ್ನೌಲಿ ಮನೆತನದವರಿಗೇ ಬರೆದ ಪತ್ರದಲ್ಲಿ ಈ ಫಲಿತಾಂಶವಿದೆ.

ಈ ಅವಿಭಾಜ್ಯವನ್ನು 2ರ 30ನೇ ಘಾತದಿಂದ ಗುಣಿಸಿದರೆ 2305843008139952128 ಎಂಬ ಪರಿಪೂರ್ಣ ಸಂಖ್ಯೆ ಬರುತ್ತದೆ. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿಸಿದರೆ ಮತ್ತೆ ಅದೇ ಸಂಖ್ಯೆ! ಇದಕ್ಕಿಂತ ದೊಡ್ಡದನ್ನು ಯಾರೂ ಹುಡುಕಲಾರರು ಎಂದು 1811ರಲ್ಲಿ ಇಂಗ್ಲೆಂಡಿನ ಬಾರ್ಲೋ ಬರೆದರು. ಪಾಪ, ಕಂಪ್ಯೂಟರ್ ಬರುವುದು ಅವರಿಗೇನು ಗೊತ್ತು.

1783ರ ಸೆಪ್ಟೆಂಬರ್ 18ರಂದು, ಹೊಸದಾಗಿ ಕಂಡಿದ್ದ ಯುರೇನಸ್ ಗ್ರಹದ ಕಕ್ಷೆಯ ಬಗ್ಗೆ ಮಾತಾಡಿದ ದಿನವೇ, ಆಯ್ಲರ್ ತೀರಿಕೊಂಡರು.

ಅವರ ಪಟ್ಟಿಯಲ್ಲಿ ಮೊದಲು ಬರುವ ಅವಿಭಾಜ್ಯ 311. ನಾನೂ ಕಾಗದದ ಮೇಲೆ ಭಾಗಿಸಿ ನೋಡಿದೆ, 35 ಉಳಿಯಿತು. ಮುಂದಿನದು 1303, ಉಳಿದದ್ದು 226. ಅಲ್ಲಿಗೆ ಬಿಟ್ಟೆ, ಮರುದಿನ ಕೆಮಿಸ್ಟ್ರಿ ಟೆಸ್ಟ್ ಇತ್ತು.