ಸರ್ ಎಂ. ವಿಶ್ವೇಶ್ವರಯ್ಯ: ಸರ್ಕಾರಿ ಸೇವೆ ಮತ್ತು ಅಧ್ಯಯನ ಪ್ರವಾಸಗಳು

ಪೀಠಿಕೆ

ಸೇವೆಯನ್ನು ಕೋರಿ ಕಚೇರಿಗೆ ಬಂದ ನಾಗರಿಕರಿಗೆ, ಸಂಬಂಧಪಟ್ಟ ಹಿರಿಯ ಅಧಿಕಾರಿಗಳು ತರಬೇತಿಗಾಗಿ ಅಥವಾ ಅಧ್ಯಯನ ರಜೆಯ ಮೇಲೆ ತೆರಳಿರುತ್ತಾರೆಂಬ ಉತ್ತರ ದೊರೆತಾಗ ಬೇಸರವಾಗುವುದು ಸಹಜ. ಅಧಿಕಾರಿಗಳು ಕಲಿಯುವುದರಿಂದ ತಮಗೇನು ಪ್ರಯೋಜನ ಎಂಬ ಪ್ರಶ್ನೆಯೂ ನ್ಯಾಯವಾದುದೇ ಆಗಿದೆ. ನಿಯಮಾವಳಿಗಳಿಗಿಂತ ಸ್ಪಷ್ಟವಾದ ಉತ್ತರ ಇದಕ್ಕೆ ನಮ್ಮ ನಾಡಿನ ಓರ್ವ ಅಧಿಕಾರಿಯ ಜೀವನದಲ್ಲಿ ದೊರೆಯುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರನ್ನು ಅಣೆಕಟ್ಟೆಯ ನಿರ್ಮಾತೃವೆಂದೂ ದಿವಾನರೆಂದೂ ಎಲ್ಲರೂ ಬಲ್ಲರು. ಕೆಲಸದಿಂದ ಬಿಡುವು ಪಡೆದು ಕಲಿಯಲು ಹೊರಟ ಅಧಿಕಾರಿಯಾಗಿ ಅವರನ್ನು ಸಾರ್ವಜನಿಕರಿಗೆ ಪರಿಚಯಿಸುವುದು ಈ ಪುಟದ ಉದ್ದೇಶವಾಗಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ವಿಶ್ವೇಶ್ವರಯ್ಯನವರು 1861ರ ಸೆಪ್ಟೆಂಬರ್ 15ರಂದು ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಜನಿಸಿದರು. ಕೆಲವು ದಾಖಲೆಗಳಲ್ಲಿ ಜನ್ಮವರ್ಷ 1860 ಎಂದಿದೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮನವರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಚಿಕ್ಕಬಳ್ಳಾಪುರದಲ್ಲಿಯೂ ಅನಂತರ ಬೆಂಗಳೂರಿನಲ್ಲಿಯೂ ವ್ಯಾಸಂಗ ಮಾಡಿದರು. ಮನೆಪಾಠ ಹೇಳಿ ಬಂದ ಹಣದಿಂದ ಓದಿನ ಖರ್ಚು ತೂಗಿಸಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದರು. ಮೈಸೂರು ಸರ್ಕಾರವು ನೀಡಿದ ವಿದ್ಯಾರ್ಥಿವೇತನದಿಂದ ಪುಣೆಯ ವಿಜ್ಞಾನ ಕಾಲೇಜಿಗೆ ಸೇರಿ, 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಗಳಿಸಿದರು. ಅವರ ವೃತ್ತಿಜೀವನದ ಅಡಿಪಾಯದಲ್ಲಿ ಸಾರ್ವಜನಿಕ ಹಣ ಸೇರಿತ್ತೆಂಬುದು ಇಲ್ಲಿ ಗಮನಾರ್ಹ.

ಮುಂಬಯಿ ಪ್ರಾಂತ್ಯದ ಸೇವೆ

1884ರಲ್ಲಿ ಅವರು ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸಹಾಯಕ ಎಂಜಿನಿಯರರಾಗಿ ಸೇರಿದರು. ನಾಸಿಕ, ಖಾನದೇಶ, ಪುಣೆ ಮೊದಲಾದ ಕಡೆಗಳಲ್ಲಿ ಕಾರ್ಯ ನಿರ್ವಹಿಸಿದರು. ಸಿಂಧ್ ಪ್ರದೇಶದ ಸಕ್ಕರ್ ಪಟ್ಟಣಕ್ಕೆ ನೀರು ಒದಗಿಸುವ ಹೊಣೆ ಬಂದಾಗ, ದುಬಾರಿಯಾದ ಶೋಧಕ ತೊಟ್ಟಿಗಳನ್ನು ಕಟ್ಟಿಸಲು ಅಲ್ಲಿನ ಪುರಸಭೆಗೆ ಹಣವಿರಲಿಲ್ಲ. ಸಿಂಧೂ ನದಿಯ ಪಾತ್ರದಲ್ಲಿ ಬಾವಿ ತೋಡಿಸಿ, ಮರಳಿನ ಮೂಲಕ ಸೋಸಿ ಬಂದ ತಿಳಿನೀರನ್ನು ಪಟ್ಟಣಕ್ಕೆ ಒದಗಿಸುವ ಏರ್ಪಾಡನ್ನು ಅವರು ಮಾಡಿದರು. ಪುಣೆಯ ಸಮೀಪದ ಖಡಕವಾಸ್ಲಾ ಜಲಾಶಯದಲ್ಲಿ ಅಣೆಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರನ್ನು ಸಂಗ್ರಹಿಸುವ ಸ್ವಯಂಚಾಲಿತ ಬಾಗಿಲುಗಳನ್ನು ರೂಪಿಸಿದರು. ನೀರಾವರಿಯಲ್ಲಿ, ಕಾಲುವೆಯ ನೀರು ಹೆಚ್ಚು ಹಳ್ಳಿಗಳಿಗೆ ಹಂಚಿಕೆಯಾಗುವಂತೆ ಬ್ಲಾಕ್ ಪದ್ಧತಿಯನ್ನು ಜಾರಿಗೆ ತಂದರು. 1906ರಲ್ಲಿ ಏಡನ್ ನಗರದ ನೀರು ಸರಬರಾಜು ಮತ್ತು ಒಳಚರಂಡಿ ಯೋಜನೆಗಾಗಿ ಸರ್ಕಾರವು ಅವರನ್ನು ಅಲ್ಲಿಗೆ ಕಳುಹಿಸಿತು.

ಮೊದಲ ವಿದೇಶ ಪ್ರವಾಸ: ಜಪಾನ್, 1898

ಈ ಸೇವಾವಧಿಯ ನಡುವೆಯೇ, 1898ರಲ್ಲಿ, ಅವರು ಜಪಾನ್ ದೇಶಕ್ಕೆ ತೆರಳಿದರು. ಭಾರತದ ಅಧಿಕಾರಿಗಳು ಹೊರನಾಡಿನ ಪ್ರವಾಸವೆಂದರೆ ಇಂಗ್ಲೆಂಡನ್ನೇ ನೆನೆಯುತ್ತಿದ್ದ ಕಾಲವದು. ಏಷ್ಯಾದ್ದೇ ಆದ ಒಂದು ದೇಶವು ಕೆಲವೇ ದಶಕಗಳಲ್ಲಿ ಶಾಲೆಗಳನ್ನೂ ಕಾರ್ಖಾನೆಗಳನ್ನೂ ಬೆಳೆಸಿಕೊಂಡ ಬಗೆಯನ್ನು ವಿಶ್ವೇಶ್ವರಯ್ಯನವರು ಕಣ್ಣಾರೆ ಕಂಡರು. ಅಣೆಕಟ್ಟೆ, ಕಾಲುವೆಗಳ ತಜ್ಞರಾಗಿದ್ದ ಅವರ ಗಮನ ಅಲ್ಲಿ ಹೆಚ್ಚಾಗಿ ಹರಿದದ್ದು ಶಿಕ್ಷಣ ಮತ್ತು ಕೈಗಾರಿಕೆಗಳ ಕಡೆಗೆ. ಮುಂಬಯಿ ಪ್ರಾಂತ್ಯದ ಅಂದಿನ ಕರ್ತವ್ಯಗಳಲ್ಲಿ ಈ ತಿಳಿವಳಿಕೆಯನ್ನು ಬಳಸಲು ಅವಕಾಶ ಕಡಿಮೆಯಿತ್ತು. ಅದು ಫಲ ನೀಡಿದ್ದು ಸುಮಾರು ಒಂದೂವರೆ ದಶಕದ ನಂತರ, ಮೈಸೂರಿನಲ್ಲಿ.

ಹುದ್ದೆಯನ್ನು ತೊರೆದ ವರ್ಷ: 1908

ಸುಮಾರು 24 ವರ್ಷಗಳ ಸೇವೆಯ ನಂತರ ವಿಶ್ವೇಶ್ವರಯ್ಯನವರು ಸೂಪರಿಂಟೆಂಡಿಂಗ್ ಎಂಜಿನಿಯರ್ ಹುದ್ದೆಯಲ್ಲಿದ್ದರು. ಅದಕ್ಕೂ ಮೇಲಿನ ಮುಖ್ಯ ಎಂಜಿನಿಯರ್ ಹುದ್ದೆಯು ಆ ಕಾಲದಲ್ಲಿ ಭಾರತೀಯರಿಗೆ ದೊರೆಯುವಂತಿರಲಿಲ್ಲ. ಅರ್ಹತೆಯಿದ್ದೂ ಮುಂದೆ ದಾರಿಯಿಲ್ಲದ ಸ್ಥಿತಿಯಲ್ಲಿ, ಇದ್ದ ಕುರ್ಚಿಯಲ್ಲಿಯೇ ಉಳಿದು ದಿನ ಕಳೆಯುವುದು ಸುಲಭವಾಗಿತ್ತು. ಅವರು ಸ್ವಯಂ ನಿವೃತ್ತಿ ಕೋರಿದರು. ಪಿಂಚಣಿಗೆ ಅಗತ್ಯವಾಗಿದ್ದ 25 ವರ್ಷಗಳ ಸೇವೆ ಪೂರ್ಣವಾಗಿರಲಿಲ್ಲವಾದುದರಿಂದ ಈ ನಿರ್ಧಾರದಲ್ಲಿ ನಷ್ಟದ ಸಂಭವವೂ ಇತ್ತು. ಸರ್ಕಾರವು ಅವರ ಸೇವೆಯನ್ನು ಪರಿಗಣಿಸಿ ವಿಶೇಷವಾಗಿ ಪಿಂಚಣಿ ಮಂಜೂರು ಮಾಡಿತು.

ನಿವೃತ್ತಿಯ ಸಂದರ್ಭದಲ್ಲಿ ಅವರು ವಿಶ್ರಾಂತಿಯನ್ನು ಬಯಸದೆ ಯೂರೋಪ್ ಮತ್ತು ಅಮೆರಿಕಗಳ ಅಧ್ಯಯನ ಪ್ರವಾಸ ಕೈಗೊಂಡರು. ಆ ದೇಶಗಳ ನೀರಾವರಿ, ನೀರು ಸರಬರಾಜು, ಒಳಚರಂಡಿ ಮತ್ತು ಕೈಗಾರಿಕಾ ವ್ಯವಸ್ಥೆಗಳನ್ನು ಪರಿಶೀಲಿಸಿದರು.

ಹೈದರಾಬಾದಿನ ಕರೆ

ಅವರು ಪ್ರವಾಸದಲ್ಲಿದ್ದಾಗಲೇ, 1908ರ ಸೆಪ್ಟೆಂಬರ್ 28ರಂದು, ಮೂಸಿ ನದಿಯು ಉಕ್ಕಿ ಹರಿದು ಹೈದರಾಬಾದ್ ನಗರದಲ್ಲಿ ಸಾವಿರಾರು ಜನ ಮೃತಪಟ್ಟರು. ಇಂತಹ ಅನಾಹುತ ಮರುಕಳಿಸದಂತೆ ಸಲಹೆ ನೀಡಲು ನಿಜಾಮರ ಸರ್ಕಾರವು ಅವರಿಗೆ ಕರೆ ಕಳುಹಿಸಿತು. ಕೈಗೊಂಡ ಪ್ರವಾಸವನ್ನು ಮುಗಿಸಿ 1909ರಲ್ಲಿ ಅವರು ಹೈದರಾಬಾದಿಗೆ ಬಂದರು. ನಗರದ ಮೇಲ್ಭಾಗದಲ್ಲಿ ನೀರನ್ನು ತಡೆದು ನಿಲ್ಲಿಸುವ ಜಲಾಶಯಗಳನ್ನು ನಿರ್ಮಿಸುವಂತೆಯೂ ನಗರಕ್ಕೆ ಒಳಚರಂಡಿ ಒದಗಿಸುವಂತೆಯೂ ಸಲಹೆ ನೀಡಿದರು. ಈ ಸಲಹೆಯ ಫಲವಾಗಿ ಮುಂದೆ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರಗಳು ನಿರ್ಮಾಣಗೊಂಡವು. ಅವು ಪ್ರವಾಹವನ್ನು ತಡೆದದ್ದಲ್ಲದೆ ದಶಕಗಳ ಕಾಲ ಆ ನಗರದ ಮನೆಗಳಿಗೆ ಕುಡಿಯುವ ನೀರನ್ನೂ ಒದಗಿಸಿದವು.

ಮೈಸೂರು ಸಂಸ್ಥಾನದಲ್ಲಿ

1909ರ ನವೆಂಬರಿನಲ್ಲಿ ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರರಾದರು. ಮುಂಬಯಿಯಲ್ಲಿ ಎಟುಕದಿದ್ದ ಹುದ್ದೆ ತವರುನಾಡಿನಲ್ಲಿ ದೊರೆಯಿತು. 1911ರಲ್ಲಿ ಕನ್ನಂಬಾಡಿಯಲ್ಲಿ ಕೃಷ್ಣರಾಜಸಾಗರದ ಕಾಮಗಾರಿ ಆರಂಭವಾಯಿತು. ಅದೇ ವರ್ಷ ಸ್ಥಾಪನೆಯಾದ ಮೈಸೂರು ಆರ್ಥಿಕ ಸಮ್ಮೇಳನವು ಶಿಕ್ಷಣ, ಕೃಷಿ, ಕೈಗಾರಿಕೆ ಮತ್ತು ವಾಣಿಜ್ಯ ವಿಷಯಗಳಿಗೆ ಸಮಿತಿಗಳನ್ನು ಹೊಂದಿತ್ತು. ಜಪಾನಿನಲ್ಲಿ ಅವರ ಗಮನ ಸೆಳೆದಿದ್ದ ವಿಷಯಗಳಲ್ಲಿ ಶಿಕ್ಷಣ ಮತ್ತು ಕೈಗಾರಿಕೆಗಳೇ ಮುಖ್ಯವಾಗಿದ್ದುದನ್ನು ಇಲ್ಲಿ ಸ್ಮರಿಸಬಹುದು.

1912ರಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರು ಅವರನ್ನು ದಿವಾನರನ್ನಾಗಿ ನೇಮಿಸಿದರು. 1913ರಲ್ಲಿ ಪ್ರಾಥಮಿಕ ಶಿಕ್ಷಣ ಶಾಸನ ಮತ್ತು ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಗಂಧದೆಣ್ಣೆ ಕಾರ್ಖಾನೆ ಮತ್ತು ಮೈಸೂರು ವಿಶ್ವವಿದ್ಯಾನಿಲಯ ಇವು ಆ ಕಾಲದ ಮುಖ್ಯ ಸಾಧನೆಗಳಾಗಿವೆ. ವಿಶ್ವವಿದ್ಯಾನಿಲಯದ ಸ್ಥಾಪನೆಗೆ ಮುನ್ನ ಸಂಸ್ಥಾನದ ಶಿಕ್ಷಣ ಸೇವೆಯಲ್ಲಿದ್ದ ಸಿ.ಆರ್. ರೆಡ್ಡಿ ಮತ್ತು ಥಾಮಸ್ ಡೆನ್‌ಹ್ಯಾಮ್ ಅವರು ಹೊರದೇಶಗಳ ವಿಶ್ವವಿದ್ಯಾನಿಲಯಗಳನ್ನು ಅಧ್ಯಯನ ಮಾಡಿ ವರದಿ ಸಲ್ಲಿಸಿದ್ದರು. ತಾನು ನೋಡಿ ಕಲಿಯುವುದರ ಜೊತೆಗೆ ಇತರರನ್ನೂ ನೋಡಿ ಬರಲು ಕಳುಹಿಸುವ ಆಡಳಿತ ಕ್ರಮಕ್ಕೆ ಇದು ಉತ್ತಮ ನಿದರ್ಶನವಾಗಿದೆ.

ದಿವಾನ ಹುದ್ದೆಯಿಂದ ನಿರ್ಗಮನ

ಸರ್ಕಾರಿ ಉದ್ಯೋಗ ಮತ್ತು ಶಿಕ್ಷಣದಲ್ಲಿ ಹಿಂದುಳಿದ ವರ್ಗಗಳಿಗೆ ಸಲ್ಲಬೇಕಾದ ಪಾಲನ್ನು ಕುರಿತು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ರಚಿಸಲಾಯಿತು. ಈ ವಿಷಯದಲ್ಲಿ ದಿವಾನರಿಗೆ ಭಿನ್ನಾಭಿಪ್ರಾಯವಿತ್ತು. ಅವರು ಅದೇ ವರ್ಷದ ಕೊನೆಯಲ್ಲಿ ರಜೆಯ ಮೇಲೆ ತೆರಳಿ ಅನಂತರ ಹುದ್ದೆಯನ್ನು ಬಿಟ್ಟರು. ಸಮಿತಿಯು ಹಿಂದುಳಿದ ವರ್ಗಗಳಿಗೆ ಆದ್ಯತೆ ನೀಡುವಂತೆ ಶಿಫಾರಸು ಮಾಡಿತು. ಅಧಿಕಾರಿಯ ಪರಿಣತಿ ಎಷ್ಟೇ ದೊಡ್ಡದಾಗಿದ್ದರೂ, ಆಡಳಿತದಲ್ಲಿ ಯಾರಿಗೆ ಸ್ಥಾನ ದೊರೆಯಬೇಕೆಂಬ ಪ್ರಶ್ನೆಯನ್ನು ಅದೊಂದೇ ತೀರಿಸಲಾರದು ಎಂಬುದು ಈ ಪ್ರಕರಣದಿಂದ ತಿಳಿದುಬರುತ್ತದೆ. ಕಚೇರಿಗಳ ಹೊರಗೆ ನಿಂತವರ ಬೇಡಿಕೆಯಿಂದಲೂ ಕಲಿಯಬೇಕಾದುದಿರುತ್ತದೆ.

ನಂತರದ ಪ್ರವಾಸಗಳು

ಹುದ್ದೆ ಬಿಟ್ಟ ನಂತರವೂ ಅವರ ಅಧ್ಯಯನ ನಿಲ್ಲಲಿಲ್ಲ. 1919–20ರಲ್ಲಿ ಜಪಾನ್, ಅಮೆರಿಕ ಮತ್ತು ಯೂರೋಪ್ ದೇಶಗಳನ್ನು ಮತ್ತೆ ಸುತ್ತಿದರು. ಭಾರತದ ಪುನರ್ನಿರ್ಮಾಣವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥವು 1920ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. 1923ರಿಂದ 1929ರವರೆಗೆ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷರಾಗಿದ್ದರು. 1935ರಲ್ಲಿ ಮೋಟಾರು ವಾಹನ ಕಾರ್ಖಾನೆಯ ಯೋಜನೆಗಾಗಿ ಪುನಃ ಯೂರೋಪ್ ಮತ್ತು ಅಮೆರಿಕಗಳಿಗೆ ಹೋಗಿ ಬಂದರು. ಅವರು ಬಯಸಿದ ಬಗೆಯಲ್ಲಿ ಆ ಯೋಜನೆ ಕೈಗೂಡಲಿಲ್ಲ. ಎಲ್ಲ ಅಧ್ಯಯನವೂ ಫಲ ನೀಡುವುದಿಲ್ಲವೆಂಬುದನ್ನೂ ಲೆಕ್ಕದಲ್ಲಿ ಬರೆದಿಡಬೇಕಾಗುತ್ತದೆ. 1946ರಲ್ಲಿ, ಎಂಬತ್ತು ವರ್ಷ ದಾಟಿದ ವಯಸ್ಸಿನಲ್ಲಿ, ಅಖಿಲ ಭಾರತ ತಯಾರಕರ ಸಂಘದ ನಿಯೋಗದೊಡನೆ ಮತ್ತೊಮ್ಮೆ ವಿದೇಶ ಪ್ರವಾಸ ಕೈಗೊಂಡರು. 1955ರಲ್ಲಿ ಭಾರತ ಸರ್ಕಾರವು ಅವರಿಗೆ ಭಾರತ ರತ್ನ ಪ್ರಶಸ್ತಿ ನೀಡಿ ಗೌರವಿಸಿತು. 1962ರ ಏಪ್ರಿಲ್ ತಿಂಗಳಿನಲ್ಲಿ ಅವರು ಬೆಂಗಳೂರಿನಲ್ಲಿ ನಿಧನರಾದರು. ಅವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ಎಂಜಿನಿಯರುಗಳ ದಿನವಾಗಿ ಆಚರಿಸಲಾಗುತ್ತಿದೆ.

ನಾಗರಿಕರ ಗಮನಕ್ಕೆ

ಇಂದು ಅಧಿಕಾರಿಗಳ ಅಧ್ಯಯನ ರಜೆಗೆ ನಿರ್ದಿಷ್ಟ ನಿಯಮಗಳಿವೆ. ಉದಾಹರಣೆಗೆ, ಕೇಂದ್ರ ಸರ್ಕಾರದ 1972ರ ರಜಾ ನಿಯಮಗಳ ಮೇರೆಗೆ ಸಾಮಾನ್ಯವಾಗಿ ಇಡೀ ಸೇವಾವಧಿಯಲ್ಲಿ 24 ತಿಂಗಳುಗಳವರೆಗೆ ಅಧ್ಯಯನ ರಜೆ ನೀಡಬಹುದಾಗಿದೆ. ರಜೆಯ ನಂತರ ನಿಗದಿತ ಅವಧಿಗೆ ಸೇವೆ ಸಲ್ಲಿಸುವುದಾಗಿ ಅಧಿಕಾರಿಯು ಮುಚ್ಚಳಿಕೆ ಬರೆದುಕೊಡಬೇಕಾಗುತ್ತದೆ. ಕಲಿತದ್ದು ಸಾರ್ವಜನಿಕರಿಗೆ ಹಿಂದಿರುಗಬೇಕೆಂಬುದೇ ಈ ಷರತ್ತಿನ ಆಶಯ.

ಲೆಕ್ಕಪತ್ರದಲ್ಲಿ ಇಂತಹ ರಜೆಯ ವೆಚ್ಚವು ಅದೇ ವರ್ಷ ಕಾಣಿಸಿಕೊಳ್ಳುತ್ತದೆ. ಪ್ರಯೋಜನವು ಎಷ್ಟೋ ವರ್ಷಗಳ ನಂತರ, ಬೇರೊಂದು ಇಲಾಖೆಯ ಬಾಬಿನಲ್ಲಿ ಕಾಣಿಸಬಹುದು. 1898ರ ಪ್ರವಾಸದ ಬೆಲೆಯನ್ನು 1899ರಲ್ಲಿ ಕಟ್ಟಲು ಯಾರಿಂದಲೂ ಆಗುತ್ತಿರಲಿಲ್ಲ. ಅಧಿಕಾರಿಯ ಅಧ್ಯಯನವನ್ನು ಅಳೆಯುವ ಕೊನೆಯ ಅಳತೆಗೋಲು ಪ್ರಮಾಣಪತ್ರವಲ್ಲ. ನಲ್ಲಿಯಲ್ಲಿ ಬರುವ ನೀರು, ಊರಿನ ಶಾಲೆ ಮತ್ತು ಅರ್ಜಿದಾರರಿಗೆ ಸಕಾಲದಲ್ಲಿ ದೊರೆಯುವ ಸೇವೆ. ಅಧಿಕಾರಿಯು ಕಲಿಯಲು ಹೋದಾಗ ಕಚೇರಿಯ ಕೆಲಸ ನಿಲ್ಲದಂತೆ ನೋಡಿಕೊಳ್ಳುವುದು ಇಲಾಖೆಯ ಕರ್ತವ್ಯ. ಕಲಿತು ಬಂದ ಮೇಲೆ ಸೇವೆಯಲ್ಲಿ ಏನು ಸುಧಾರಿಸಿತೆಂದು ಕೇಳುವುದು ನಾಗರಿಕರ ಹಕ್ಕು.