ಸೆರೆಸಿಕ್ಕ ಮಗನಿಗೂ ವಿನಾಯಿತಿ ಬೇಡವೆಂದ ಫೀಲ್ಡ್ ಮಾರ್ಷಲ್ ಕಾರ್ಯಪ್ಪ

ದೆಹಲಿಯ ಮುನಿರ್ಕಾದಿಂದ ಹೆಚ್ಚು ದೂರವಿಲ್ಲದ ಕಂಟೋನ್ಮೆಂಟ್‌ನಲ್ಲಿ ಕೊಡಗಿನ ಕಲಿಯೊಬ್ಬರ ಹೆಸರಿನ ಪರೇಡ್ ಮೈದಾನವಿದೆ. ಅವರೇ ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರ್ಯಪ್ಪ.

ಶನಿವಾರಸಂತೆಯಲ್ಲಿ ಹುಟ್ಟಿದ ಕಾರ್ಯಪ್ಪ, ಎರಡನೇ ಮಹಾಯುದ್ಧದಲ್ಲಿ ಇರಾಕ್, ಸಿರಿಯಾ, ಇರಾನ್‌ಗಳಲ್ಲಿ ಸೇವೆ ಸಲ್ಲಿಸಿದರು. 1949ರ ಜನವರಿ 15ರಂದು ಬ್ರಿಟಿಷ್ ಜನರಲ್ ಬುಚರ್ ಅವರಿಂದ ಅಧಿಕಾರ ವಹಿಸಿಕೊಂಡು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಪ್ರತಿವರ್ಷ ಸೇನಾ ದಿನ ಆಚರಿಸುವುದು ಇದೇ ನೆನಪಿಗೆ.

ಆದರೆ ಅವರ ನಿಜವಾದ ಪರೀಕ್ಷೆ ನಡೆದದ್ದು ನಿವೃತ್ತಿಯ ನಂತರ. ಪತ್ನಿಯಿಂದ ದೂರವಾಗಿದ್ದ ಅವರಿಗೆ ಮಗ ನಂದಾ, ಮಗಳು ನಳಿನಿಯೇ ಸರ್ವಸ್ವ. 1965ರ ಯುದ್ಧದ ಕೊನೆಯ ದಿನಗಳಲ್ಲಿ ವಾಯುಪಡೆಯ ಪೈಲಟ್ ಆಗಿದ್ದ ನಂದಾ ಅವರ ಹಂಟರ್ ವಿಮಾನ ಪಾಕಿಸ್ತಾನದ ಗುಂಡಿಗೆ ಉರುಳಿತು. ಬೆನ್ನಿಗೆ ಪೆಟ್ಟು ಬಿದ್ದ ನಂದಾ ಸೆರೆಸಿಕ್ಕರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ವಿಭಜನೆಗೆ ಮುನ್ನ ಕಾರ್ಯಪ್ಪನವರ ಕೈಕೆಳಗೆ ದುಡಿದವರು. ಹಳೆಯ ಗೌರವಕ್ಕೆ ಮಗನನ್ನು ಬಿಟ್ಟುಬಿಡಲು ಸಿದ್ಧ ಎಂದು ಹೇಳಿಕಳಿಸಿದರು. ಕಾರ್ಯಪ್ಪ ಒಪ್ಪಲಿಲ್ಲ. ಸೆರೆಯಲ್ಲಿರುವ ಭಾರತದ ಯೋಧರೆಲ್ಲ ತಮ್ಮ ಮಕ್ಕಳೇ, ಒಬ್ಬನಿಗೆ ಮಾತ್ರ ವಿಶೇಷ ಸವಲತ್ತು ಬೇಡ ಎಂಬುದು ಅವರ ನಿಲುವು. ಹಾಗೆಂದು ಮಗನ ಮೇಲೆ ಮಮತೆ ಇರಲಿಲ್ಲವೇ? ಮಡಿಕೇರಿಯ 'ರೋಶನಾರಾ' ಮನೆಯಲ್ಲಿ ಆ ನಾಲ್ಕು ತಿಂಗಳು ಹೇಗೆ ಕಳೆದಿರಬಹುದು, ಯಾವ ತಂದೆಗಾದರೂ ಊಹೆಗೆ ಸಿಗುತ್ತದೆ. ನಂದಾ ಮರಳಿದ್ದು 1966ರ ಜನವರಿಯಲ್ಲಿ, ಉಳಿದ ಕೈದಿಗಳಂತೆಯೇ.

ಮಾಜಿ ಸೈನಿಕರಿಗಾಗಿ 1964ರಲ್ಲಿ ಸಂಘಟನೆ ಕಟ್ಟಿದವರೂ ಇವರೇ. 1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿ ಸಂದಿತು. 1993ರ ಮೇ 15ರಂದು ಬೆಂಗಳೂರಿನಲ್ಲಿ ನಿಧನರಾದರು. ಏರ್ ಮಾರ್ಷಲ್ ಆಗಿ ನಿವೃತ್ತರಾದ ನಂದಾ, ಮುಂದೆ ತಂದೆಯ ಜೀವನಚರಿತ್ರೆಯನ್ನು ತಾವೇ ಬರೆದರು.