ಮಹಾಮಾರಿಗೆ ಇದಿರಾದ ಹಾಫ್‌ಕಿನ್

ಊರಲ್ಲಿ ಇಲಿ ಬಿದ್ದವೆಂಬ ಸುದ್ದಿ ಹಬ್ಬಿದೊಡನೆ ಮನೆಗೆ ಬೀಗವಿಕ್ಕಿ, ಮಕ್ಕಳುಮರಿಗಳೊಡನೆ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಕಾಲ ಕಳೆದ ಕಥೆಯನ್ನು ಹೂಲಿ, ಸವದತ್ತಿ, ಬೈಲಹೊಂಗಲ ಸೀಮೆಯ ಹಿರಿಯರು ಹೇಳುತ್ತಿದ್ದರು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಬೆಳಗಾವಿ, ಧಾರವಾಡ ಜಿಲ್ಲೆಗಳನ್ನೂ ಆವರಿಸಿತು. ಆ ಮಾರಿಗೆ ಮೊದಲ ಲಸಿಕೆಯನ್ನು ಸಿದ್ಧಪಡಿಸಿದವರು ವಾಲ್ಡೆಮಾರ್ ಹಾಫ್‌ಕಿನ್.

ಇವರು 1860ರಲ್ಲಿ ಒಡೆಸ್ಸಾ ನಗರದ ಯೆಹೂದಿ ಕುಟುಂಬವೊಂದರಲ್ಲಿ ಜನಿಸಿದರು. ಮೆಚ್ನಿಕೋವ್ ಎಂಬ ಪ್ರಸಿದ್ಧ ವಿಜ್ಞಾನಿಯ ಶಿಷ್ಯರಾಗಿ, ಬಳಿಕ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯನ್ನು ಸೇರಿದರು. ಅಲ್ಲಿ ಕಾಲರಾ ಲಸಿಕೆಯನ್ನು ಕಂಡುಹಿಡಿದು, 1892ರಲ್ಲಿ ಅದನ್ನು ಮೊದಲು ತಮ್ಮ ದೇಹದ ಮೇಲೆಯೇ ಪ್ರಯೋಗಿಸಿದರು. ಮರುವರ್ಷ ಭಾರತಕ್ಕೆ ಬಂದು ಊರೂರು ತಿರುಗಿ ಸಹಸ್ರಾರು ಜನರಿಗೆ ಅದನ್ನು ಚುಚ್ಚಿದರು.

ಪ್ಲೇಗಿನ ಲಸಿಕೆ ಮುಂಬಯಿಯ ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನ ಒಂದು ಕಿರುಕೋಣೆಯಲ್ಲಿ ರೂಪುಗೊಂಡಿತು. ಮಾಂಸರಸದ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರೆ ರೋಗಾಣುಗಳು ಅವುಗಳ ಕೆಳಗೆ ಬಿಳಲುಗಳಂತೆ ಇಳಿಬಿದ್ದು ಬೆಳೆಯುತ್ತಿದ್ದವು. (ನಮ್ಮ ಅಡುಗೆಮನೆಯ ತುಪ್ಪಕ್ಕೆ ಇಂತಹ ಉಪಯೋಗವುಂಟೆಂದು ಅದುವರೆಗೆ ಯಾರು ಬಲ್ಲರು!) ಅವುಗಳನ್ನು ಕಾವಿನಿಂದ ಕೊಂದು ಲಸಿಕೆಯಾಗಿಸಿದರು. 1897ರ ಜನವರಿ 10ರಂದು ಮತ್ತೆ ತಮ್ಮ ಮೈಗೇ ಮೊದಲು ಚುಚ್ಚಿಸಿಕೊಂಡರು. ಬಳಿಕ ಬೈಕಲ್ಲಾ ಸೆರೆಮನೆಯಲ್ಲಿ ಪ್ಲೇಗು ತಲೆದೋರಿದಾಗ ಒಪ್ಪಿದ ಕೈದಿಗಳಿಗೆ ಲಸಿಕೆ ಕೊಟ್ಟು, ಒಪ್ಪದವರೊಡನೆ ಅವರನ್ನು ಹೋಲಿಸಿ ನೋಡಿದರು.

ಒತ್ತಾಯ ಸಲ್ಲದು, ಹೋಲಿಕೆಯಿಲ್ಲದೆ ನಿರ್ಣಯ ಸಲ್ಲದು ಎಂಬುದು ಅವರ ನಿಲುವು. ಅದೇ ವರ್ಷ ಪುಣೆಯಲ್ಲಿ ಮನೆಮನೆಗೆ ನುಗ್ಗಿದ ಪ್ಲೇಗು ಅಧಿಕಾರಿಗಳ ದಬ್ಬಾಳಿಕೆಯಿಂದ ಜನ ರೊಚ್ಚಿಗೆದ್ದು, ರ‍್ಯಾಂಡ್ ಎಂಬ ಅಧಿಕಾರಿಯ ಕೊಲೆಯೇ ನಡೆದುದನ್ನು ನೆನೆದರೆ ಈ ನಿಲುವಿನ ಬೆಲೆ ತಿಳಿದೀತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಡಾ. ಲ್ಯೂಮನ್ ಅವರ ನೇತೃತ್ವದಲ್ಲಿ ಊರಿನ ಬಹುಪಾಲು ಜನ ಲಸಿಕೆ ಪಡೆದರು. ಈ ಲಸಿಕೆಯನ್ನು ಪರಿಶೀಲಿಸಿದ ಭಾರತೀಯ ಪ್ಲೇಗು ಆಯೋಗವು, ಅದು ಪೂರ್ಣರಕ್ಷೆಯಲ್ಲದಿದ್ದರೂ ರೋಗವನ್ನೂ ಸಾವನ್ನೂ ಗಣನೀಯವಾಗಿ ತಗ್ಗಿಸುವುದೆಂದು ಒಪ್ಪಿತು.

ಇಂತಹ ಕೀರ್ತಿಗೆ ಒಂದೇ ದಿನದಲ್ಲಿ ಮಸಿ ಬಳಿಯಿತು. ಪಂಜಾಬಿನಲ್ಲಿ ವಿಪುಲ ಪ್ರಮಾಣದಲ್ಲಿ ಲಸಿಕೆ ಹಾಕಲು ಸರಕಾರ ನಿಶ್ಚಯಿಸಿದ್ದಿತು. 1902ರ ಅಕ್ಟೋಬರ್ 30ರಂದು ಮುಲ್ಕೊವಾಲ್ ಗ್ರಾಮದಲ್ಲಿ 107 ಜನ ಐದು ಸೀಸೆಗಳಿಂದ ಲಸಿಕೆ ಪಡೆದರು. ಒಂದೇ ಸೀಸೆಯಿಂದ ಪಡೆದ 19 ಜನರು ಧನುರ್ವಾಯುವಿನಿಂದ ಮೃತರಾದರು. ಉಳಿದ 88 ಜನರಿಗೆ ಏನೂ ಆಗಲಿಲ್ಲ. ಹೆಚ್ಚಿದ ಬೇಡಿಕೆಯನ್ನು ಪೂರೈಸಲು ಪ್ರಯೋಗಾಲಯವು ಕಾರ್ಬಾಲಿಕ್ ಆಮ್ಲವನ್ನು ಬಿಟ್ಟು ಕಾವನ್ನಷ್ಟೇ ನೆಚ್ಚಿದ್ದುದರಿಂದ ತನಿಖಾ ಸಮಿತಿಯ ಬೆರಳು ಹಾಫ್‌ಕಿನ್ನರತ್ತ ತಿರುಗಿತು. ಅವರು ಅಧಿಕಾರದಿಂದ ದೂರವಾಗಿ ಲಂಡನ್ನಿಗೆ ಮರಳಿದರು.

ಸತ್ಯಾಂಶವಾದರೋ ಆ ಗ್ರಾಮದಲ್ಲಿಯೇ ಇದ್ದಿತು. ಸೀಸೆಯ ಬಿರಡೆ ತೆಗೆಯುವಾಗ ಸಹಾಯಕನ ಕೈಯ ಚಿಮುಟ ನೆಲಕ್ಕೆ ಬಿದ್ದಿದ್ದು, ಅದನ್ನು ಸರಿಯಾಗಿ ಶುದ್ಧಿಗೊಳಿಸದೆ ಮತ್ತೆ ಬಳಸಲಾಗಿತ್ತು. ಧನುರ್ವಾಯುವಿನ ಅಣುಗಳು ಮಣ್ಣಿನಲ್ಲಿ ನೆಲೆಸತಕ್ಕವು. ದೋಷ ಪ್ರಯೋಗಾಲಯದ್ದೇ ಆಗಿದ್ದರೆ, ಸೀಸೆ ತೆರೆಯುವಾಗಲೇ ದುರ್ವಾಸನೆ ಹೊಡೆಯಬೇಕಿತ್ತು, ಹೊಡೆದಿರಲಿಲ್ಲ. ಇಷ್ಟನ್ನು ಒಪ್ಪಿಕೊಳ್ಳಲು ಐದು ವರ್ಷ ಹಿಡಿದುದು ಸಮಿತಿಯ ತಪ್ಪಿಗಿಂತಲೂ ಹೆಚ್ಚು ಖೇದಕರವಾದ ಸಂಗತಿ. 1907ರಲ್ಲಿ ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಬಹಿರಂಗವಾಗಿ ಪ್ರತಿಭಟಿಸಿದ ಮೇಲೆ ಹಾಫ್‌ಕಿನ್ನರು ದೋಷಮುಕ್ತರೆನಿಸಿದರು. ಈ ನಡುವೆ ಪ್ಲೇಗಿಗೆ ಬಲಿಯಾದವರ ಸಂಖ್ಯೆ ಲಕ್ಷಗಳನ್ನು ದಾಟಿತ್ತು. 19 ಜನರ ಸಾವಿನಿಂದ ಹುಟ್ಟಿದ ಅಂಜಿಕೆ ಎಷ್ಟು ಜನರನ್ನು ಸೂಜಿಯಿಂದ ದೂರ ಓಡಿಸಿತೆಂಬ ಲೆಕ್ಕವನ್ನು ಯಾರೂ ಇಡಲಿಲ್ಲ.

ಆಮೇಲೆ ಅವರಿಗೆ ಕಲಕತ್ತೆಯಲ್ಲಿ ಹುದ್ದೆ ದೊರಕಿತು. ಮುಂಬಯಿಯ ತಮ್ಮ ಪ್ರಯೋಗಾಲಯದ ಆಡಳಿತ ಮರಳಿ ದೊರಕಲಿಲ್ಲ. ನಿವೃತ್ತರಾಗಿ ಯುರೋಪಿಗೆ ತೆರಳಿ, ಅವಿವಾಹಿತರಾಗಿಯೇ ಉಳಿದು, ಧರ್ಮನಿಷ್ಠೆಯಿಂದ ಬಾಳಿ, ಸಂಪಾದಿಸಿದ ಧನವನ್ನು ತಮ್ಮ ಮತದ ವಿದ್ಯಾಪೀಠಗಳಿಗೆ ಮೀಸಲಿಟ್ಟರು. 1925ರಲ್ಲಿ ಮುಂಬಯಿಯ ಆ ಪ್ರಯೋಗಾಲಯಕ್ಕೆ ಅವರ ಹೆಸರನ್ನೇ ಇಡಲಾಯಿತು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ಅವರು ಕಾಲವಶರಾದರು.